ಅರ್ಧ ಬರೆಯುವ ಕೈ

ಅಪ್ಪ ಸಂಜೆ ಹೊತ್ತು ತಲೆ ಬಾಚಿಕೊಳ್ಳುವವರಲ್ಲ. ಸುಂಕದಕಟ್ಟೆಯ ವರ್ಕ್‌ಶಾಪಿನಿಂದ ಮನೆಗೆ ಬಂದು, ಸ್ನಾನ ಮಾಡಿ, ಲುಂಗಿ ಸುತ್ತಿಕೊಂಡು ಟಿವಿ ಮುಂದೆ ಕೂತರೆ ಅವರ ದಿನ ಮುಗಿಯಿತು. ಅಂಥವರು ಕಳೆದ ಮಳೆಗಾಲದ ಒಂದು ಸೋಮವಾರ ಇಸ್ತ್ರಿ ಶರ್ಟು ಹಾಕಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿ, ಊಟದ ಡಬ್ಬಿಯ ಬ್ಯಾಗನ್ನೇ ಮತ್ತೆ ಹೆಗಲಿಗೆ ಹಾಕಿಕೊಂಡು, "ಬಸವೇಶ್ವರನಗರದ ಕಡೆ ಹೋಗ್ಬರ್ತೀನಿ" ಎಂದು ಹೊರಟರು. ಮಂಗಳವಾರವೂ ಹೋದರು. ಬುಧವಾರವೂ ಹೋದರು.

"ಹೋಗ್ಲಿ ಬಿಡೇ, ಯಾರೋ ಹಳೇ ಫ್ರೆಂಡ್ ಸಿಕ್ಕಿರ್ಬೇಕು" ಎಂದಳು ಅಮ್ಮ.

ನಾನು ಬಿಡುವವಳಲ್ಲ. ಹಳೇ ಫ್ರೆಂಡನ್ನು ನೋಡಲು ಯಾರೂ ಖಾಲಿ ಡಬ್ಬಿ ಬ್ಯಾಗ್ ತೆಗೆದುಕೊಂಡು ಹೋಗುವುದಿಲ್ಲ. ನನಗೆ ಬಂದ ಮೊದಲ ಅನುಮಾನ ಚೈನ್ ಮಾರ್ಕೆಟಿಂಗ್. ನಮ್ಮ ಚಿಕ್ಕಪ್ಪನೊಬ್ಬರು ಹೀಗೇ ತಲೆ ಬಾಚಿಕೊಂಡು ಯಾವುದೋ ಎರಡನೇ ಮಹಡಿಯ ಹಾಲಿಗೆ ಹೋಗಿ ಬರುತ್ತಿದ್ದರು. ಆಮೇಲೆ ಅವರ ಮನೆಯ ಮಂಚದ ಕೆಳಗೆ ಪ್ರೋಟೀನ್ ಪುಡಿಯ ಡಬ್ಬಗಳು ತುಂಬಿಕೊಂಡವು. ನೆಂಟರೆಲ್ಲ ಒಂದೊಂದು ಡಬ್ಬ ಹೊತ್ತುಕೊಂಡು ಬಂದದ್ದು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ.

ಗುರುವಾರ ಅಪ್ಪ ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲಿಗೆ ಅಡ್ಡ ನಿಂತೆ.

"ಮೀಟಿಂಗಲ್ಲಿ ಎದ್ದು ನಿಂತು ಚಪ್ಪಾಳೆ ಹೊಡಿಸ್ತಾರಾ ಅಪ್ಪ?"

"ಯಾವ ಮೀಟಿಂಗು?"

"ಲೈಫ್ ಚೇಂಜ್ ಆಗೋ ಮೀಟಿಂಗು."

ಅಪ್ಪ ಬ್ಯಾಗಿನ ಜಿಪ್ ಎಳೆದು ಲಾಂಗ್ ಸೈಜಿನ ನೋಟ್‌ಬುಕ್ಕೊಂದನ್ನು ತೆಗೆದು ನನ್ನ ಕೈಗಿಟ್ಟರು. ಬ್ರೌನ್ ಪೇಪರ್ ಹಾಕಿ, ಲೇಬಲ್ ಅಂಟಿಸಿ, ಅದರ ಮೇಲೆ ತಮ್ಮ ಹೆಸರು ಬರೆದಿದ್ದರು. 'ತರಗತಿ' ಎಂದಿದ್ದ ಜಾಗವನ್ನು ಖಾಲಿ ಬಿಟ್ಟಿದ್ದರು.

"ಕ್ಲಾಸಿಗೆ ಹೋಗ್ತಾ ಇದೀನಿ ಕಣಮ್ಮ. ಕಂಪ್ಯೂಟರ್ ಲೇಥು. ನಿಮ್ಮಮ್ಮನಿಗೆ ಹೇಳ್ಬೇಡ, ನಗ್ತಾಳೆ."

ಅಮ್ಮ ಅಡುಗೆಮನೆಯಿಂದಲೇ, "ಕೇಳಿಸ್ತು" ಎಂದಳು. ನಗಲಿಲ್ಲ.

ಅಪ್ಪ ಟರ್ನರ್. ಲೇಥ್ ಎಂದರೆ ಕಬ್ಬಿಣದ ಸರಳನ್ನು ಗರಗರ ತಿರುಗಿಸಿ, ಪಕ್ಕದಿಂದ ಚೂಪಾದ ಟೂಲೊಂದನ್ನು ತಂದು ಒತ್ತಿ, ಬೇಕಾದ ದಪ್ಪಕ್ಕೆ ಕೆರೆಯುವ ಯಂತ್ರ. ಟೂಲ್ ಎಷ್ಟು ಒಳಗೆ ಹೋಗಬೇಕು ಎಂಬುದನ್ನು ಟರ್ನರ್ ಗೆರೆಗಳಿರುವ ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ ನಿರ್ಧರಿಸುತ್ತಾನೆ. ಅಪ್ಪ ಮೂವತ್ತು ವರ್ಷ ಆ ಚಕ್ರ ತಿರುಗಿಸಿದವರು. ಈಗ ಓನರ್ ಒಂದು ಕಂಪ್ಯೂಟರ್ ಯಂತ್ರ ತರಿಸುತ್ತಿದ್ದರು. ಅದಕ್ಕೆ ಚಕ್ರವಿಲ್ಲ. ಟೂಲ್ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಮೊದಲೇ ಸಾಲುಸಾಲಾಗಿ ಸಂಖ್ಯೆ ಬರೆದುಕೊಟ್ಟು, ಬಾಗಿಲು ಮುಚ್ಚಿ ಗುಂಡಿ ಒತ್ತಬೇಕು. ಓನರ್ ಅಪ್ಪನಿಗೆ ಹೇಳಿದ್ದು ಇಷ್ಟು: ಆಯುಧ ಪೂಜೆ ಹೊತ್ತಿಗೆ ಯಂತ್ರ ಬರುತ್ತದೆ, ಅಷ್ಟರಲ್ಲಿ ಕಲಿತು ಬಂದರೆ ಅದು ನಿನ್ನದು. ಕಲಿಯದಿದ್ದರೆ? ಹಳೆಯ ಲೇಥುಗಳು ಗುಜರಿಗೆ ಹೋಗುತ್ತವೆ, ಅಪ್ಪ ಮೂಲೆಯ ಬೆಂಚಿನಲ್ಲಿ ಕೂತು, ಬೇರೆಯವರು ಕೆರೆದು ಮುಗಿಸಿದ ತುಂಡುಗಳ, ಅವರ ಮಾತಿನಲ್ಲಿ ಜಾಬುಗಳ, ಅಂಚಿಗೆ ಅರ ಉಜ್ಜಬೇಕು. ವರ್ಕ್‌ಶಾಪಿಗೆ ಹೊಸದಾಗಿ ಸೇರಿದವರಿಗೆ ಕೊಡುವ ಮೊದಲ ಕೆಲಸ ಅದು. ಅಪ್ಪನೂ ಅಲ್ಲಿಂದಲೇ ಶುರು ಮಾಡಿದ್ದರು.

"ಮತ್ತೆ ಆ ಬೆಂಚಲ್ಲಿ ಕೂರಲ್ಲ" ಎಂದರು.

ಕಾಲೇಜಿನಲ್ಲಿ ನಾನು ಐದು ವರ್ಷದಿಂದ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೇನೆ. ಈಗ ಲಾ ಓದುತ್ತಿದ್ದೇನೆ. ಯಾರಾದರೂ ಒಳ್ಳೆಯ ಮಾತು ಆಡಿದರೆ ಅದರ ಹಿಂದೆ ಏನನ್ನು ಮುಚ್ಚಿಟ್ಟಿದ್ದಾರೆಂದು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಓನರ್ ಮಾತು ನನಗೆ ಒಳ್ಳೆಯ ಮಾತಿನಂತೆ ಕೇಳಿಸಲಿಲ್ಲ. ಅದೇ ತಿಂಗಳು ಅವರು ಡಿಪ್ಲೊಮಾ ಮಾಡಿದ ಒಬ್ಬನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರು. ಹಾವೇರಿ ಕಡೆಯವನು, ಕಂಪ್ಯೂಟರ್ ಲೇಥನ್ನು ಕಾಲೇಜಿನಲ್ಲೇ ಕಲಿತು ಬಂದವನು.

"ಅವನು ಇರುವಾಗ ನಿಮಗೆ ಯಾಕೆ ಕಲೀರಿ ಅಂದ್ರು? ಯೋಚನೆ ಮಾಡಿ. ನಾಳೆ ಬೆಂಚಿಗೆ ಕೂರ್ಸೋವಾಗ 'ನಾನು ಚಾನ್ಸ್ ಕೊಟ್ಟೆ, ಇವರೇ ಕಲೀಲಿಲ್ಲ' ಅಂತ ಹೇಳ್ಬೇಕಲ್ಲ. ಈಗಲೇ ರೆಡಿ ಮಾಡ್ಕೋತಾ ಇದಾರೆ."

"ಅಷ್ಟೆಲ್ಲ ಯೋಚನೆ ಮಾಡೋ ಮನುಷ್ಯ ಅಲ್ಲ ಅವ್ರು."

"ಅಷ್ಟು ಯೋಚನೆ ಮಾಡ್ದೆ ಯಾರೂ ಓನರ್ ಆಗಲ್ಲ ಅಪ್ಪ."

"ನೋಡಮ್ಮ, ಕಾಲೇಜಲ್ಲಿ ಮಾತಾಡ್ದಂಗೆ ಮನೇಲಿ ಮಾತಾಡ್ಬೇಡ. ಇಲ್ಲಿ ಬೆಲ್ ಹೊಡೆಯೋರು ಯಾರೂ ಇಲ್ಲ." ನೋಟ್‌ಬುಕ್ ಕಿತ್ತುಕೊಂಡು ಹೊರಟುಬಿಟ್ಟರು.

ಓನರ್ ಮೇಲಿನ ಅನುಮಾನಕ್ಕೆ ಸದ್ಯಕ್ಕೆ ಏನೂ ಮಾಡುವಂತಿರಲಿಲ್ಲ. ಕ್ಲಾಸನ್ನಾದರೂ ನೋಡೋಣವೆಂದು ಮುಂದಿನ ವಾರ ಹೋದೆ. ಬಸವೇಶ್ವರನಗರದ ಬೇಕರಿಯೊಂದರ ಮೇಲೆ, ಎರಡನೇ ಮಹಡಿ. ಮೆಟ್ಟಿಲ ಪೂರ್ತಿ ಖಾರಾ ಬನ್ನಿನ ವಾಸನೆ. ಬಾಗಿಲಲ್ಲೇ ಬ್ಯಾನರು: 'ವಯಸ್ಸಿನ ಮಿತಿ ಇಲ್ಲ, ಕೆಲಸ ಗ್ಯಾರಂಟಿ.' ವಯಸ್ಸಿನ ಮಿತಿ ಇಲ್ಲ ಎಂದರೆ ಯಾರು ಬಂದರೂ ಸೇರಿಸಿಕೊಳ್ಳುತ್ತೇವೆ ಎಂದು. ಯಾರು ಬಂದರೂ ಸೇರಿಸಿಕೊಳ್ಳುವವರು ಕೆಲಸಕ್ಕೆ ಹೇಗೆ ಗ್ಯಾರಂಟಿ ಕೊಡುತ್ತಾರೆ? ಒಳಗಿನ ಗೋಡೆಯ ಮೇಲೆ ಕೆಲಸ ಸಿಕ್ಕ ವಿದ್ಯಾರ್ಥಿಗಳ ಫೋಟೊಗಳಿದ್ದವು. ಕಾಯುತ್ತಾ ಕೂತಿದ್ದಾಗ ಒಂದೊಂದನ್ನೇ ನೋಡಿದೆ. ಎರಡನೇ ಸಾಲಿನಲ್ಲಿ ಮೀಸೆ ಇದ್ದವನೂ ಐದನೇ ಸಾಲಿನಲ್ಲಿ ಮೀಸೆ ಇಲ್ಲದವನೂ ಒಬ್ಬನೇ.

ಕೌಂಟರಿನಲ್ಲಿದ್ದ ಹೆಂಗಸನ್ನು ಕೇಳಿದೆ: "ಮೆಷಿನ್ ಎಲ್ಲಿದೆ ಮೇಡಂ?"

"ಸಿಮ್ಯುಲೇಟರ್ ಇದೆ. ಕಂಪ್ಯೂಟರಲ್ಲೇ ಎಲ್ಲಾ ತೋರ್ಸುತ್ತೆ. ಸೇಮ್ ಟು ಸೇಮ್ ಮೆಷಿನ್ ತರಾನೇ."

"ಅಂದ್ರೆ ಈಜು ಕಲಿಸ್ತೀರಿ, ನೀರಿನ ಫೋಟೊ ತೋರ್ಸಿ."

ಅವರು ಪೆನ್ನು ಕೆಳಗಿಟ್ಟರು. "ನೀವು ಸೇರ್ಕೊಳ್ಳೋಕೆ ಬಂದ್ರಾ, ಜಗಳಕ್ಕೆ ಬಂದ್ರಾ?"

"ಇನ್ನೂ ಡಿಸೈಡ್ ಮಾಡಿಲ್ಲ."

ಗಾಜಿನ ಬಾಗಿಲ ಆಚೆ ಕ್ಲಾಸು ನಡೆಯುತ್ತಿತ್ತು. ಹತ್ತು ಹನ್ನೆರಡು ಹುಡುಗರು, ಹಿಂದಿನ ಸಾಲಿನಲ್ಲಿ ಅಪ್ಪ. ಓದುವ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಒಂದೇ ಬೆರಳಿನಲ್ಲಿ ಒಂದೊಂದು ಅಕ್ಷರ ಹುಡುಕಿ ಒತ್ತುತ್ತಿದ್ದರು. ಒತ್ತಿದ ಮೇಲೆ ಪ್ರತಿ ಸಲವೂ ಪರದೆಯತ್ತ ಮುಖ ಎತ್ತಿ ಅದು ಬಂತೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಪಾಠ ಹೇಳುತ್ತಿದ್ದವನಿಗೆ ನನಗಿಂತ ಮೂರು ನಾಲ್ಕು ವರ್ಷ ಹೆಚ್ಚಿರಬಹುದು. ಅವನು ಪಕ್ಕ ಹಾದು ಹೋದಾಗಲೆಲ್ಲ ಅಪ್ಪ ಅರ್ಧ ಎದ್ದು ಕೂರುತ್ತಿದ್ದರು. ನಾನು ಒಳಗೆ ಹೋಗದೆ ಇಳಿದು ಬಂದೆ.

ಮೊದಲ ತಿಂಗಳು ಅಪ್ಪ ಉತ್ಸಾಹದಲ್ಲಿದ್ದರು. ಎರಡನೆಯದರಲ್ಲಿ ಮೌನವಾದರು. ಪರದೆಯ ಮೇಲಿನ ಯಂತ್ರ ಅವರು ಬರೆದದ್ದನ್ನು ಓಡಿಸುತ್ತದೆ, ಟೂಲ್ ಕಬ್ಬಿಣಕ್ಕೆ ನುಗ್ಗುತ್ತದೆ, ಪರದೆ ಪೂರ್ತಿ ಕೆಂಪಾಗುತ್ತದೆ, ಅಷ್ಟು ಮಾತ್ರ ಹೇಳಿದರು. ನಿಜವಾದ ಯಂತ್ರದಲ್ಲಿ ಹಾಗಾದರೆ ಟೂಲ್ ಚೂರಾಗಿ ಯಂತ್ರವೂ ಹಾಳಾಗುತ್ತದಂತೆ. ಪಕ್ಕದಲ್ಲಿ ಕೂತ ಹುಡುಗರದು ಹಸಿರು, ಇವರದು ಕೆಂಪು. ವಾರ ವಾರವೂ.

"ಸಾರ್ ಏನಂತಾರೆ?" ಎಂದೆ. ಆ ಹುಡುಗನನ್ನು ಅಪ್ಪ ಸಾರ್ ಎನ್ನುತ್ತಿದ್ದರಿಂದ ನಾನೂ ಹಾಗೇ ಕೇಳುವ ಅಭ್ಯಾಸವಾಗಿತ್ತು.

"ವಯಸ್ಸಾದ್ಮೇಲೆ ಸ್ವಲ್ಪ ಕಷ್ಟ ಅಂಕಲ್, ಇನ್ನೊಂದು ಬ್ಯಾಚ್ ಕೂತ್ಕೊಳ್ಳಿ ಅಂದ್ರು."

ಇನ್ನೊಂದು ಬ್ಯಾಚ್! ಆ ಎರಡು ಪದ ಕೇಳಿದ ಮೇಲೆ ನನ್ನದು ಅನುಮಾನವಾಗಿ ಉಳಿಯಲಿಲ್ಲ. ಇನ್ನೊಂದು ಬ್ಯಾಚ್ ಮುಗಿಯುವಷ್ಟರಲ್ಲಿ ಆಯುಧ ಪೂಜೆ ಕಳೆದು ದೀಪಾವಳಿಯೂ ಕಳೆದಿರುತ್ತದೆ. ಬಾಗಿಲಲ್ಲಿ ವಯಸ್ಸಿನ ಮಿತಿ ಇಲ್ಲ ಎಂದವರಿಗೆ ಒಳಗೆ ಬಂದ ಮೇಲೆ ವಯಸ್ಸು ಕಾಣಿಸುತ್ತದೆಯೇ?

ಆ ಭಾನುವಾರ ಅಪ್ಪ ಮಾರ್ಕೆಟ್ಟಿಗೆ ಹೋದಾಗ ನೋಟ್‌ಬುಕ್ ತೆಗೆದು ಕೂತೆ. ಎಡಪುಟದಲ್ಲಿ ಕ್ಲಾಸಿನಲ್ಲಿ ಕೊಟ್ಟ ಡ್ರಾಯಿಂಗು ಅಂಟಿಸಿದ್ದರು, ಬಲಪುಟದಲ್ಲಿ ಅದಕ್ಕೆ ತಾವು ಬರೆದ ಪ್ರೋಗ್ರಾಂ. ನನಗೆ ಅದರ ತಲೆಬುಡ ತಿಳಿಯದು. ಆದರೆ ಎದುರಾಳಿಯ ಮಾತಿನ ವಿಷಯ ಗೊತ್ತಿಲ್ಲದಿದ್ದಾಗಲೂ ಅದರ ನಡಿಗೆ ಗಮನಿಸಬೇಕೆಂದು ನಮಗೆ ಹೇಳಿಕೊಟ್ಟಿದ್ದಾರೆ. ಎಡಪುಟದ ಸಂಖ್ಯೆಗಳನ್ನೂ ಬಲಪುಟದ ಸಂಖ್ಯೆಗಳನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದೆ. ಉದ್ದದ ಸಂಖ್ಯೆಗಳೆಲ್ಲ ಎರಡೂ ಕಡೆ ಒಂದೇ. ದಪ್ಪದ ಸಂಖ್ಯೆಗಳು ಮಾತ್ರ ಬೇರೆ. ಡ್ರಾಯಿಂಗಿನಲ್ಲಿ ನಲವತ್ತಾರು, ಅಪ್ಪ ಬರೆದದ್ದು ಇಪ್ಪತ್ತಮೂರು. ಅಲ್ಲಿ ಅರವತ್ತು, ಇಲ್ಲಿ ಮೂವತ್ತು. ಅಲ್ಲಿ ಮೂವತ್ತೆಂಟು, ಇಲ್ಲಿ ಹತ್ತೊಂಬತ್ತು. ಕೆಂಪಾದ ಪ್ರತಿ ಪುಟದಲ್ಲೂ ಅರ್ಧ, ಸರಿಯಾಗಿ ಅರ್ಧ.

ತಿಳಿಯದವನು ತಪ್ಪು ಮಾಡಿದರೆ ಒಮ್ಮೆ ಹೆಚ್ಚು ಬರೆಯುತ್ತಾನೆ, ಒಮ್ಮೆ ಕಡಿಮೆ ಬರೆಯುತ್ತಾನೆ. ಪ್ರತಿ ಸಲವೂ ಒಂದೇ ತಪ್ಪು, ಅದೂ ಇಷ್ಟು ಅಚ್ಚುಕಟ್ಟಾಗಿ ಎಂದರೆ ಅದು ಯಾರೋ ಕಲಿಸಿದ ತಪ್ಪು. ಇವರು ಅಪ್ಪನಿಗೆ ತಪ್ಪು ಹೇಳಿಕೊಟ್ಟು, ಫೇಲು ಮಾಡಿ, ಇನ್ನೊಂದು ಬ್ಯಾಚಿಗೆ ಕೂರಿಸುತ್ತಿದ್ದಾರೆ.

ಅಪ್ಪ ಸೊಪ್ಪು ಹಿಡಿದುಕೊಂಡು ಬಂದಾಗ ಆ ಹಾಳೆಯನ್ನು ತೋರಿಸಬಹುದಿತ್ತು. ತೋರಿಸಲಿಲ್ಲ. ನಮ್ಮ ಗಟ್ಟಿ ವಾದವನ್ನು ಸರದಿ ಬರುವ ಮೊದಲು ಯಾರಿಗೂ ಬಿಟ್ಟುಕೊಡಬಾರದು ಎಂಬುದೂ ನಮಗೆ ಕಲಿಸಿದ ಪಾಠವೇ. ಹಾಳೆ ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ಸೋಮವಾರದ ಕ್ಲಾಸು ಅಪ್ಪನಿಗೆ ಮತ್ತೆ ಕೆಂಪಾಯಿತು. ಮಂಗಳವಾರ ಕಾಲೇಜಿನಿಂದ ನೇರವಾಗಿ ಅಲ್ಲಿಗೆ ಹೋದೆ.

ಕೌಂಟರಿನ ಹೆಂಗಸು "ಡಿಸೈಡ್ ಮಾಡಿದ್ರಾ?" ಎಂದರು. "ಮಾಡ್ದೆ" ಎಂದು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

"ಸಾರ್, ಒಂದು ಪ್ರಶ್ನೆ. ನೀವು ನಮ್ಮಪ್ಪನಿಗೆ ದಪ್ಪ ಎಷ್ಟಿದ್ರೂ ಅರ್ಧ ಬರೀಬೇಕು ಅಂತ ಯಾಕೆ ಹೇಳ್ಕೊಟ್ರಿ?"

ಹುಡುಗರೆಲ್ಲ ತಿರುಗಿದರು. ಅಪ್ಪ ಕುರ್ಚಿಯಿಂದ ಎದ್ದು, "ಏಯ್, ಏನಿದು, ನಡಿ ಆಚೆ" ಎಂದರು.

"ಇರಿ ಅಪ್ಪ." ಹಾಳೆ ಬಿಡಿಸಿ ಅವನ ಮೇಜಿನ ಮೇಲಿಟ್ಟೆ. "ಹನ್ನೊಂದು ಡ್ರಾಯಿಂಗು. ಹನ್ನೊಂದರಲ್ಲೂ ಅರ್ಧ. ಒಂದು ಸಲ ತಪ್ಪಾದ್ರೆ ವಯಸ್ಸು ಅನ್ನಿ, ಒಪ್ಕೋತೀನಿ. ಹನ್ನೊಂದು ಸಲ ಅಳತೆ ಇಟ್ಟಂಗೆ ಒಂದೇ ತಪ್ಪು ಮಾಡೋಕೆ ವಯಸ್ಸಿಂದ ಆಗಲ್ಲ. ಯಾರೋ ಕಲಿಸಿರ್ಬೇಕು. ಯಾರು?"

ಸಾರ್ ಹಾಳೆ ನೋಡಿದ. ಅವನ ಕಿವಿ ಕೆಂಪಾಗಿತ್ತು. ಆದರೆ ನಾನು ಕಾದಿದ್ದ ಹಾಗೆ ತಡವರಿಸಲಿಲ್ಲ. "ಅಂಕಲ್, ನಿಮ್ಮ ಬುಕ್ ಕೊಡಿ" ಎಂದ. ಮೊದಲ ಪುಟ ತೆಗೆದು ನನ್ನ ಕಡೆ ತಿರುಗಿಸಿದ. ಅಪ್ಪನ ಗುಂಡು ಅಕ್ಷರ, ಕೆಳಗೆ ಎರಡು ಗೆರೆ ಎಳೆದಿತ್ತು: 'X ಅಂದರೆ ಜಾಬಿನ ಪೂರ್ತಿ ದಪ್ಪ.'

"ಫಸ್ಟ್ ಡೇ ಹೇಳಿದ್ದೀನಿ. ಅವ್ರೇ ಬರ್ಕೊಂಡಿದಾರೆ. ಪೂರ್ತಿ ಅಂತ ಇದೆ ನೋಡಿ. ನಾನು ಯಾಕ್ರೀ ಅರ್ಧ ಅಂತೀನಿ?"

ಆ ಪದ ನನ್ನ ಕಣ್ಣೆದುರೇ ಇತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಹಂಗಾದ್ರೆ ಹನ್ನೊಂದು ಸಲ ನೀವು ಯಾಕೆ ನೋಡ್ಲಿಲ್ಲ? ಕೆಂಪು ಬಂತು ಅಂತ ನೋಡೋಕೆ ಸಾರ್ ಬೇಕಾ? ಕೆಂಪು ನಮ್ಮಮ್ಮನಿಗೂ ಕಾಣ್ಸುತ್ತೆ."

ಒಬ್ಬ ಹುಡುಗ ಕಿಸಕ್ಕೆಂದ. ಸಾರ್ ಏನೋ ಹೇಳಲು ಹೊರಟ. ಅಷ್ಟರಲ್ಲಿ ಅಪ್ಪ ಮೇಜಿನ ಹತ್ತಿರ ಬಂದು ನನ್ನ ಹಾಳೆ ಎತ್ತಿಕೊಂಡರು. ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದರು. ಇಪ್ಪತ್ತಮೂರು. ಮೂವತ್ತು. ಹತ್ತೊಂಬತ್ತು. ಬೆರಳು ಕೊನೆ ಮುಟ್ಟಿದ ಮೇಲೆ ಕುರ್ಚಿ ಎಳೆದು ಕೂತರು.

"ಕಲಿಸಿದ್ದು ಹೌದು" ಎಂದರು. "ಇವ್ರಲ್ಲ."

ಬ್ಯಾಗ್ ತೆಗೆದುಕೊಂಡು, ಸಾರ್‌ಗೆ ಕೈ ಮುಗಿದು ಇಳಿದುಹೋದರು. ನಾನು ಹಿಂದೆ ಹಿಂದೆ ಓಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೇಕರಿಯ ಮುಂದೆ ನಿಂತು ಎರಡು ಟೀ ಹೇಳಿದರು. ಗ್ಲಾಸನ್ನು ಕಟ್ಟೆಯ ಮೇಲಿಟ್ಟು, ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು.

"ಇದು ಜಾಬು ಅನ್ಕೋ, ತಿರುಗ್ತಾ ಇದೆ. ಒಂದು ಕಡೆಯಿಂದ ನಾನು ಒಂದು ಮಿಲಿಮೀಟರ್ ಒಳಗೆ ತಳ್ಳಿದ್ರೆ, ತಿರುಗೋದ್ರಿಂದ ಸುತ್ತಲೂ ಅಷ್ಟು ಹೋಗುತ್ತೆ. ಈ ಕಡೆ ಒಂದು, ಆ ಕಡೆ ಒಂದು. ದಪ್ಪ ಎಷ್ಟು ಕಮ್ಮಿ ಆಯ್ತು?"

"ಎರಡು."

"ಹ್ಞಾಂ. ಅದಕ್ಕೆ ನಾಲ್ಕು ಕಮ್ಮಿ ಆಗ್ಬೇಕು ಅಂದ್ರೆ ನಮ್ಮ ಲೇಥಲ್ಲಿ ಎರಡೇ ಕೊಡೋದು. ಟೂಲು ಸೆಂಟರಿಂದ ಎಷ್ಟು ದೂರ ನಿಲ್ಬೇಕು ಅಂತ ನೋಡೋದು, ದಪ್ಪ ಎಷ್ಟು ಅಂತಲ್ಲ. ಡ್ರಾಯಿಂಗ್ ನೋಡ್ದೇಟಿಗೆ ಕೈ ಅರ್ಧ ಮಾಡ್ಕೊಂಡುಬಿಡುತ್ತೆ. ತಲೆಗೆ ಹೇಳೋದೇ ಇಲ್ಲ ಅದು. ಆ ಮೇಲಿನ ಹುಡುಗ್ರು ಯಾರೂ ಈ ತಪ್ಪು ಮಾಡಲ್ಲ ಕಣಮ್ಮ. ಅವ್ರು ಚಕ್ರ ಮುಟ್ಟೇ ಇಲ್ಲ."

"ಸಾರ್ ಕೂಡಾ ಮುಟ್ಟಿಲ್ಲ. ಅದಕ್ಕೇ ಅವನಿಗೆ ಗೊತ್ತಾಗ್ಲಿಲ್ಲ."

"ಅವನಿಗೆ ಗೊತ್ತಾಗ್ಲಿಲ್ಲ, ಸರಿ. ನೀನು ಭಾನುವಾರವೇ ನನಗೆ ತೋರ್ಸಿದ್ರೆ ನಿನ್ನೆ ಒಂದು ಕೆಂಪು ಉಳೀತಿತ್ತು." ಟೀ ಕುಡಿದು ಗ್ಲಾಸ್ ಕೆಳಗಿಟ್ಟರು. "ನಾಳೆ ಬಂದು ಆ ಹುಡುಗನಿಗೆ ಸಾರಿ ಕೇಳು."

ಕೇಳಿದೆ. ಫೋಟೊದ ಮೀಸೆಯ ವಿಷಯ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವನು ಅಪ್ಪನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂರಲು ಶುರು ಮಾಡಿದ್ದು ಆ ವಾರದಿಂದಲೇ. ನನಗೆ ಹೆದರಿಯೋ, ನಾಚಿಕೆಗೋ, ನಿಜವಾದ ಆಸಕ್ತಿಗೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ.

ತಪ್ಪು ಯಾವುದೆಂದು ಗೊತ್ತಾದರೆ ಅದು ಹೋಗಿಬಿಡುತ್ತದೆ ಎಂದು ನಾನು ನಂಬಿದ್ದೆ. ಚರ್ಚೆಯಲ್ಲಿ ಹಾಗೇ: ತಪ್ಪನ್ನು ಎತ್ತಿ ತೋರಿಸಿದರೆ ಮುಗಿಯಿತು, ಅಂಕ ಬರುತ್ತದೆ. ಅಪ್ಪನ ಕೈಗೆ ಆ ನಿಯಮ ಗೊತ್ತಿರಲಿಲ್ಲ. ಗಮನವಿಟ್ಟು ಬರೆದಾಗ ಸರಿ ಬರೆಯುತ್ತಿದ್ದರು. ವೇಗ ಬಂದರೆ, ಫೋನ್ ರಿಂಗಾದರೆ, ಯಾರಾದರೂ ಮಾತಾಡಿಸಿದರೆ, ಎಲ್ಲೋ ಒಂದು ಸಾಲಿನಲ್ಲಿ ಅರ್ಧ ನುಸುಳುತ್ತಿತ್ತು. ಹಾಗಾಗಿ ಮನೆಯಲ್ಲೇ ಅಭ್ಯಾಸ ಶುರುವಾಯಿತು. ದಪ್ಪ ಅಳೆಯುವ ವರ್ನಿಯರನ್ನು ವರ್ಕ್‌ಶಾಪಿನಿಂದ ಬ್ಯಾಗಿನಲ್ಲಿ ತಂದು, ಕಣ್ಣಿಗೆ ಬಿದ್ದ ಗುಂಡನೆಯ ವಸ್ತುವನ್ನೆಲ್ಲ ಅಳೆದು, ಪೂರ್ತಿ ದಪ್ಪವನ್ನು ಬಾಯಲ್ಲಿ ಹೇಳಿ ಬರೆಯುವುದು. ಲೋಟ, ಲಟ್ಟಣಿಗೆ, ಟಾರ್ಚು, ಅಮ್ಮನ ಬಳೆ.

"ಲಟ್ಟಣಿಗೆ ಎಷ್ಟು?" ಅಮ್ಮ ಚಪಾತಿ ಲಟ್ಟಿಸುತ್ತಲೇ ಕೇಳುವಳು.

"ಹದಿನೆಂಟು."

"ಹದಿನೆಂಟಾ? ಬೆಳಿಗ್ಗೆ ಮೂವತ್ತಾರು ಅಂದ್ರಿ. ಮಧ್ಯಾಹ್ನದೊಳಗೆ ಸವೆದುಹೋಯ್ತಾ?"

ಅಪ್ಪ ನಾಲಿಗೆ ಕಚ್ಚಿಕೊಳ್ಳುವರು. ಅಮ್ಮ ನಗುವಳು. ನಾನು ನಗುತ್ತಿರಲಿಲ್ಲ. ಆಯುಧ ಪೂಜೆಗೆ ಎಷ್ಟು ದಿನ ಉಳಿದಿದೆಯೆಂದು ಕ್ಯಾಲೆಂಡರ್ ನೋಡುತ್ತಿದ್ದೆ.

ಯಂತ್ರ ಬಂತು. ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು ಪೂಜೆಯೂ ಆಯಿತು. ಅದಾದ ನಾಲ್ಕನೆಯ ದಿನ ಓನರ್ ಒಂದೇ ಡ್ರಾಯಿಂಗನ್ನು ಅಪ್ಪನಿಗೂ ಹಾವೇರಿಯವನಿಗೂ ಕೊಟ್ಟು, ಇಬ್ಬರೂ ಪ್ರೋಗ್ರಾಂ ಬರೆದು ಜಾಬ್ ತೆಗೆಯಬೇಕು ಎಂದಿದ್ದರು. ಆ ಸಂಜೆ ಅಪ್ಪ ಮನೆಗೆ ಬಂದಾಗ ನಾನೂ ಅಮ್ಮನೂ ಬಾಗಿಲಲ್ಲೇ ಇದ್ದೆವು.

"ಮೆಷಿನ್ ನನ್ನ ಕೈಗೆ ಕೊಟ್ರು" ಎಂದರು.

"ಅವನು?"

"ಅವನೂ ಇದಾನೆ. ಸ್ನಾನಕ್ಕೆ ನೀರು ಕಾದಿದೆಯಾ?"

ಅಷ್ಟೇ. ಗೆದ್ದು ಬಂದವರು ಹೀಗೆ ನೀರು ಕೇಳುವುದಿಲ್ಲ. ಏನಾಯಿತು, ಯಾರು ಮೊದಲು ಮುಗಿಸಿದರು, ಓನರ್ ಏನೆಂದರು ಎಂದು ಕೇಳಿದರೆ, "ಎಲ್ಲಾ ಆಯ್ತು ಬಿಡಮ್ಮ" ಎನ್ನುವರು.

ಮಾರನೆಯ ವಾರ ಅಮ್ಮ ಬಟ್ಟೆ ಒಗೆಯುತ್ತಾ ಹೇಳಿದ ಮಾತು ನನ್ನನ್ನು ಎಬ್ಬಿಸಿತು. ಇಷ್ಟು ವರ್ಷ ಅಪ್ಪನ ಪ್ಯಾಂಟಿನ ಮಡಿಕೆಯಿಂದ ಕಬ್ಬಿಣದ ಸುರುಳಿ ಚೂರುಗಳನ್ನು ಕೊಡವದೆ ಒಗೆಯುವಂತಿರಲಿಲ್ಲವಂತೆ. ಶರ್ಟಿನ ಮುಂಭಾಗದಲ್ಲಿ ಕಿಡಿ ಬಿದ್ದ ಸಣ್ಣ ತೂತುಗಳು ಇದ್ದೇ ಇರುತ್ತಿದ್ದವಂತೆ. "ಈಗ ನೋಡು, ಬ್ಯಾಂಕ್ ಕೆಲಸಕ್ಕೆ ಹೋಗೋರ ಬಟ್ಟೆ ಇದ್ದಂಗೆ ಇದೆ" ಎಂದಳು. ಅವಳಿಗೆ ಅದು ಸಂತೋಷದ ವಿಷಯ. ನನಗೆ ಸಾಕ್ಷಿ. ಟರ್ನರ್‌ನ ಬಟ್ಟೆಯಲ್ಲಿ ಚೂರು ಇಲ್ಲವೆಂದರೆ ಅವನು ಟರ್ನಿಂಗ್ ಮಾಡುತ್ತಿಲ್ಲ. ಬೆಂಚಿನ ಕೆಲಸವೂ ಅಲ್ಲ, ಅಲ್ಲಿ ಅರದ ಪುಡಿ ಇರುತ್ತದೆ. ಸ್ಟೋರಿನಲ್ಲಿ ಕೂರಿಸಿದ್ದಾರೆಯೇ? ಗೇಟಿನ ಹತ್ತಿರವೇ? ಮನೆಯಲ್ಲಿ ಮರ್ಯಾದೆ ಉಳಿಸಿಕೊಳ್ಳಲು ಅಪ್ಪ ಸುಳ್ಳು ಹೇಳುತ್ತಿದ್ದಾರೆಯೇ? ಓನರ್ ಬಗ್ಗೆ ಮೊದಲೇ ಹೇಳಿದ್ದೆನಲ್ಲ ಎಂಬ ಮಾತು ಒಳಗೇ ತಯಾರಾಗುತ್ತಿತ್ತು. ಅದಕ್ಕೆ ನನಗೇ ನನ್ನ ಮೇಲೆ ಸ್ವಲ್ಪ ಹೇಸಿಗೆಯಾಯಿತು.

ಶನಿವಾರ ಅಪ್ಪ ಕನ್ನಡಕ ಮರೆತು ಹೋದರು. ಅದು ನೆಪವಾಯಿತು. ಮಾಗಡಿ ರೋಡಿನ ಬಸ್ಸು ಹತ್ತಿ ಸುಂಕದಕಟ್ಟೆಯಲ್ಲಿ ಇಳಿದೆ. ವರ್ಕ್‌ಶಾಪಿನ ಶಟರು ಅರ್ಧ ಎತ್ತಿತ್ತು. ಬಗ್ಗಿ ನೋಡಿದೆ.

ಮೊದಲು ನೋಡಿದ್ದು ಮೂಲೆಯ ಬೆಂಚು. ಅಲ್ಲಿ ಯಾರೋ ಬೇರೆಯವರಿದ್ದರು. ಅಪ್ಪ ನಡುವೆ ನಿಂತಿದ್ದರು, ಕಪಾಟಿನಷ್ಟು ಎತ್ತರದ ಬಿಳಿ ಯಂತ್ರವೊಂದರ ಮುಂದೆ. ಅದರ ಬಾಗಿಲು ಮುಚ್ಚಿತ್ತು. ಗಾಜಿನ ಆಚೆ ಟೂಲನ್ನು ತಣಿಸುವ ಹಾಲಿನಂಥ ನೀರು ಚಿಮ್ಮುತ್ತಿತ್ತು, ಚೂರುಗಳೆಲ್ಲ ಒಳಗೇ ಬೀಳುತ್ತಿದ್ದವು. ಬಟ್ಟೆ ಯಾಕೆ ಸ್ವಚ್ಛವಾಗಿತ್ತೆಂದು ಆಗ ತಿಳಿಯಿತು.

ನನ್ನನ್ನು ಮೊದಲು ಕಂಡವನು ಹಾವೇರಿಯವನು. ಕನ್ನಡಕ ತೋರಿಸಿದೆ. ಅವನು ಶಟರಿನಾಚೆ ಬಂದು, "ನೀವು ಕಾಕಾರ ಮಗಳಲ್ರೀ? ವಕೀಲರು?" ಎಂದ.

"ಇನ್ನೂ ಓದ್ತಾ ಇದೀನಿ. ಅವತ್ತು ಟೆಸ್ಟಲ್ಲಿ ಏನಾಯ್ತು?"

"ಕಾಕಾ ಹೇಳಿಲ್ಲೇನ್ರಿ?" ಒಳಗೊಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದ. "ಬರದು ಮುಗಿಸಿದ್ರರಿ, ನನ್ನಕಿಂತ ಮೊದಲ. ಗುಂಡಿ ಒತ್ತಾಕಂತ ಕೈಬಟ್ಟ ಇಟ್ರು, ತಗದ್ರು. ಮತ್ತ ಇಟ್ರು, ತಗದ್ರು. ಓನರ್ ಸಾರು 'ಒತ್ತಪ್ಪ' ಅಂದ್ರು. 'ಇಲ್ಲ ಸಾರ್, ನಾ ಬರದಿದ್ದು ಇವ ಒಮ್ಮೆ ಓದ್ಲಿ' ಅಂದುಬಿಟ್ರು. ನಂಗ ಏನ್ ಮಾಡ್ಬೇಕು ತಿಳೀಲಿಲ್ರಿ. ನಾ ಅವ್ರ ಎದುರಿಗೆ ಟೆಸ್ಟ್ ಬರೆಯಾಂವ."

"ಓದಿದ್ರಾ?"

"ಓದಿದೆ. ಆರನೇ ಲೈನ್‌ನ್ಯಾಗ ಒಂದು ನಂಬರ್ ಅರ್ಧ ಇತ್ತು. ಒತ್ತಿದ್ರ ಹೊಸಾ ಮೆಷಿನ್ ಹೋಗತಿತ್ರಿ."

"ನೀವು ಹೇಳ್ದೇ ಇರ್ಬೋದಿತ್ತು" ಎಂದೆ. ಅದನ್ನು ಕೇಳದೆ ಇರಲು ಆಗಲಿಲ್ಲ.

ಅವನು ಕತ್ತು ತುರಿಸಿಕೊಂಡ. "ಅಷ್ಟು ಲೆಕ್ಕ ಹಾಕಲಿಲ್ರಿ. ಕೈಯಾಗ ಕೊಟ್ರು, ಓದಿದೆ, ಹೇಳಿದೆ."

"ಓನರ್ ಏನಂದ್ರು?"

"ಆ ಲೈನ್ ತಾವೂ ಎರಡ ಸಲ ಓದಿದ್ರರಿ. ಆಮ್ಯಾಲೆ ಇಬ್ಬರೂ ನಿಂದರ್ರಿ, ಒಬ್ರು ಬರದಿದ್ದು ಇನ್ನೊಬ್ರು ಓದೂ ತನಕ ಗುಂಡಿ ಒತ್ತಂಗಿಲ್ಲ ಅಂದ್ರು. ಯುಗಾದಿ ತನಕ. ಮುಂದ ನೋಡೂಣು ಅಂದಾರ್ರಿ."

ಯುಗಾದಿವರೆಗೆ. ಮುಂದೆ ನೋಡೋಣ. ಆ ಮಾತಿನೊಳಗೆ ಎಷ್ಟು ಬಾಗಿಲುಗಳಿವೆ, ಯಾವುದು ಯಾರ ಪಾಲಿಗೆ ಮುಚ್ಚುತ್ತದೆ ಎಂದು ನನ್ನ ತಲೆ ಆಗಲೇ ಎಣಿಸುತ್ತಿತ್ತು. ಒಂದು ಯಂತ್ರಕ್ಕೆ ಇಬ್ಬರನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

ಅಪ್ಪ ನನ್ನನ್ನು ನೋಡಿದರು. ಸಂತೋಷವಾದಂತೆ ಕಾಣಲಿಲ್ಲ. "ಕನ್ನಡಕ ಕೊಡೋಕೆ ಬಸ್ ಹತ್ಕೊಂಡು ಬಂದ್ಯಾ, ಇಲ್ಲ ನಾನಿದೀನಾ ಅಂತ ನೋಡೋಕಾ?"

"ಎರಡಕ್ಕೂ."

"ನೋಡಾಯ್ತಲ್ಲ?"

"ಆರನೇ ಲೈನ್ ವಿಷಯ ಯಾಕೆ ಹೇಳ್ಲಿಲ್ಲ?"

ಅಪ್ಪ ಹಾವೇರಿಯವನತ್ತ ಒಮ್ಮೆ ನೋಡಿದರು. ಅವನು ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಆಚೆ ಸರಿದ.

"ಏನಂತ ಹೇಳ್ಲಿ? ಮೂವತ್ತು ವರ್ಷದಲ್ಲಿ ನಾನು ಮಾಡಿದ್ದನ್ನ ಇನ್ನೊಬ್ರು ನೋಡ್ಲಿ ಅಂತ ಒಂದಿನ ಕೇಳಿಲ್ಲ. ಅವತ್ತು ಗುಂಡಿ ಮೇಲೆ ಬೆರಳು ಇಡೋವಾಗ ನನ್ನ ಕೈ ಮೇಲೆ ನಂಗೇ ಅನುಮಾನ ಬಂತು." ಕನ್ನಡಕ ಹಾಕಿಕೊಂಡರು. "ಅದನ್ನ ಮನೇಲಿ ಹೇಳ್ಕೊಳ್ಳೋಕೆ ಹೆಂಗಿರುತ್ತೆ ಹೇಳು."

ಇಷ್ಟು ವರ್ಷ ಮನೆಯಲ್ಲಿ ಎಲ್ಲದರ ಮೇಲೂ ಅನುಮಾನಪಟ್ಟವಳು ನಾನು. ಬ್ಯಾನರಿನ ಮೇಲೆ, ಓನರ್ ಮೇಲೆ, ಸಾರ್ ಮೇಲೆ, ಕೊನೆಗೆ ಅಪ್ಪನ ಮಾತಿನ ಮೇಲೂ. ಅವರ ಕೈಯ ಮೇಲೆ ಮಾತ್ರ ಪಟ್ಟಿರಲಿಲ್ಲ.

ಒಳಗೆ ಜಾಬ್ ಮುಗಿದು ಯಂತ್ರ ನಿಂತಿತ್ತು. ಮುಂದಿನದು ಬೇರೆ ಡ್ರಾಯಿಂಗು. ಅಪ್ಪ ಹಿಂದಿನ ದಿನವೇ ಪ್ರೋಗ್ರಾಂ ಬರೆದಿಟ್ಟಿದ್ದರು. ಹಾವೇರಿಯವನು ಅದಾಗಲೇ ಓದಿ ಕೆಳಗೆ ಸಹಿ ಮಾಡಿದ್ದ. ಅಪ್ಪ ಆ ಹಾಳೆ ಮತ್ತು ಡ್ರಾಯಿಂಗನ್ನು ನನ್ನ ಕೈಗೆ ಕೊಟ್ಟರು.

"ಬಂದಿದ್ದೀಯಲ್ಲ, ನೀನೂ ಒಂದ್ಸಲ ನೋಡು. X ಇರೋ ಕಡೆ ಎಲ್ಲಾ ಪೂರ್ತಿ ಇದೆಯಾ ನೋಡು, ಸಾಕು."

ಶಟರಿನ ಬೆಳಕಿಗೆ ಹಿಡಿದು ನೋಡಿದೆ. ಐವತ್ತೆರಡು, ಐವತ್ತೆರಡು. ನಲವತ್ತು, ನಲವತ್ತು. ಮೂವತ್ತೊಂದೂವರೆ. ತಪ್ಪು ಹುಡುಕಲೆಂದೇ ಓದಿದೆ, ಸಿಗಲಿಲ್ಲ.

"ಸರಿ ಇದೆ" ಎಂದೆ.

ಅಪ್ಪ ಯಂತ್ರದ ಬಾಗಿಲು ಎಳೆದರು. ಬೆರಳು ಗುಂಡಿಯ ಹತ್ತಿರ ಹೋಗಿ ನಿಂತಿತು. ಅವರು ಹಾಳೆ ನೋಡಲಿಲ್ಲ, ನನ್ನ ಮುಖ ನೋಡಿದರು.

"ಖಂಡಿತಾನಾ?"

ನಾನು ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿದೆ. ಈ ಸಲ ಮೊದಲ ಸಾಲಿನಿಂದ, ಒಂದೊಂದು ಸಂಖ್ಯೆಯ ಕೆಳಗೂ ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದೆ. ಅಪ್ಪ ಕಾದರು.